ಶುಂಠಿ ರಸ ಮತ್ತು ಗುರುಲಿಂಗಪ್ಪನವರ ರಸರಾಜ

“ಮಂಗಳಾ, ಆ ತುರಿಯೋ ಮಣೇನ ಎತ್ತಿ ಅಟ್ಟಕ್ಕೆ ಹಾಕು! ಇವತ್ತಿಂದ ಈ ಮನೇಲಿ ಯಾರೂ ಶುಂಠಿ ತುರಿಯೋ ಹಾಗಿಲ್ಲ!”

ಅಡುಗೆಮನೆಯ ಬಾಗಿಲಲ್ಲಿ ಗುರುಲಿಂಗಪ್ಪ ನಿಂತಿದ್ದರು. ಹಸುಗೂಸನ್ನು ಹೊತ್ತಂತೆ ಎರಡೂ ಕೈಯಲ್ಲಿ ಏನನ್ನೋ ಎತ್ತಿಕೊಂಡಿದ್ದರು. ಅದರ ಮೇಲೆ ಸ್ನಾನದ ಟವೆಲು ಹೊದಿಸಿತ್ತು. ಮುಖದ ಮೇಲೆ ಆ ನಗು ಇತ್ತು. ಆ ನಗು ಕಂಡಾಗಲೆಲ್ಲ ಸರ್ವಮಂಗಳಾ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಒಲೆ ಮೇಲಿನ ಹಾಲನ್ನು ಇಳಿಸಿ ದೂರ ಇಡುವುದು. ಇವತ್ತೂ ಇಳಿಸಿದಳು.

ಪಿರಿಯಾಪಟ್ಟಣದಲ್ಲಿ ಗುರುಲಿಂಗಪ್ಪನವರಿಗೆ ಒಳ್ಳೇ ಹೆಸರಿತ್ತು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅವರದು ಮೋಟಾರು ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟು ಅವರ ಕೈ ಸೋಕಿದರೆ ಸಾಕು, ಎದ್ದು ಕೂತು ನೀರು ಕಕ್ಕುತ್ತಿತ್ತು. ಆದರೆ ಅಂಗಡಿಯಲ್ಲಿ ಕೆಟ್ಟದ್ದನ್ನು ಸರಿಮಾಡುತ್ತಿದ್ದ ಮನುಷ್ಯ ಮನೆಗೆ ಬಂದ ಮೇಲೆ ಸರಿ ಇದ್ದದ್ದನ್ನು ಇನ್ನಷ್ಟು ಸರಿಮಾಡಲು ಹೊರಡುತ್ತಿದ್ದರು. ಕಷ್ಟ ಶುರುವಾಗುತ್ತಿದ್ದುದು ಅಲ್ಲಿ. ಅವರು ಕಟ್ಟಿದ ಸೊಳ್ಳೆ ಓಡಿಸುವ ಯಂತ್ರ ಕೆರೆ ಏರಿಯ ಸೊಳ್ಳೆಗಳನ್ನೂ ಮನೆಗೆ ಕರೆತಂದಿತ್ತು. ರೊಟ್ಟಿ ತಟ್ಟುವ ಯಂತ್ರವಂತೂ ರೊಟ್ಟಿಯನ್ನು ತಟ್ಟಿ, ಸುಟ್ಟು, ಕಿಟಕಿಯಿಂದಾಚೆ ಪಕ್ಕದ ಮನೆ ಕೊಟ್ಟಿಗೆಗೆ ಎಸೆಯುತ್ತಿತ್ತು. ಆ ಕೊಟ್ಟಿಗೆಯ ಹಸುಗಳು ಈಗಲೂ ಊಟದ ಹೊತ್ತಿಗೆ ಸರಿಯಾಗಿ ಕತ್ತೆತ್ತಿ ಆಕಾಶ ನೋಡುತ್ತಿದ್ದವು.

“ಏನ್ರೀ ಅದು?” ಎಂದಳು ಸರ್ವಮಂಗಳಾ, ತುರಿಯುವ ಮಣೆಯನ್ನು ಬಿಡದೆ.

“ರಸರಾಜ!” ಎಂದು ಗುರುಲಿಂಗಪ್ಪ ಟವೆಲನ್ನು ಎಳೆದರು.

ಒಳಗಿದ್ದದ್ದು ಅವಳದೇ ಹಳೇ ಇಡ್ಲಿ ಪಾತ್ರೆ. ಅದರ ನೆತ್ತಿಯ ಮೇಲೆ ಒಂದು ಮೈಕಿನ ಕಹಳೆ. ಮುಂದುಗಡೆ ಸೀಮೆಎಣ್ಣೆ ಸುರಿಯುವ ಲಾಳಿಕೆಯೊಂದನ್ನು ಅಡ್ಡಡ್ಡ ಬೆಸೆದಿತ್ತು. ಹೊಟ್ಟೆಯ ಒಳಗಿಂದ ಕೆಂಪು, ಹಳದಿ ವೈರುಗಳು ಶ್ಯಾವಿಗೆಯ ಹಾಗೆ ಹೊರಗೆ ಇಣುಕುತ್ತಿದ್ದವು.

ಅಷ್ಟರಲ್ಲಿ ಹಾಲು ಕೊಡಲು ಬಂದ ಪಕ್ಕದ ಮನೆ ಚೆಲುವಾಂಬೆ ಹಿತ್ತಲ ಬಾಗಿಲಿಂದ ಇಣುಕಿದಳು. ಆ ಕತ್ತೆತ್ತುವ ಹಸುಗಳು ಅವಳವೇ. ಒಂದು ವಾರದಿಂದ ನೆಗಡಿ ಹಿಡಿದು ಅವಳ ಮೂಗು ಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು.

“ಬಂಗಳಕ್ಕ, ಇದ್ಯಾಕೆ ಇಡ್ಲಿ ಪಾತ್ರೆಗೆ ಬೂಗು ಇಟ್ಟವ್ರೆ?” ಎಂದಳು. ನೆಗಡಿಯಲ್ಲಿ ಅವಳಿಗೆ ‘ಮ’ಕಾರ ಹೊರಡುತ್ತಿರಲಿಲ್ಲ.

“ಮೂಗೇ ಅದು! ಸರಿಯಾಗಿ ಹೇಳಿದೆ ಚೆಲುವಾಂಬೆ!” ಗುರುಲಿಂಗಪ್ಪ ಹಿಗ್ಗಿಹೋದರು. “ಈ ಮೂಗು ಶುಂಠಿ ವಾಸನೆ ಹಿಡಿಯುತ್ತೆ. ಎಲ್ಲಿದೆ, ಎಷ್ಟಿದೆ, ಎಳೇದೋ ಬಲಿತದ್ದೋ, ಎಲ್ಲಾ ತಿಳ್ಕೊಳ್ಳುತ್ತೆ. ಆಮೇಲೆ ಆ ಶುಂಠಿಗೆ ಒಪ್ಪೋ ಸ್ವರ ಹಾಡುತ್ತೆ. ಪ್ರಪಂಚದಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಸ್ವರ ಇದೆ ಮಂಗಳಾ! ತನ್ನ ಸ್ವರ ಕಿವಿಗೆ ಬಿದ್ರೆ ಸಾಕು, ಅದು ಕರಗಿ ನೀರಾಗಿ ಹೋಗುತ್ತೆ!”

“ನಿಮ್ಮ ಸ್ವರ ಯಾವ್ದು ಅಂತ ನಂಗಿನ್ನೂ ಸಿಕ್ಕಿಲ್ಲ ನೋಡಿ” ಎಂದಳು ಸರ್ವಮಂಗಳಾ.

ಹಾಗೆಂದಳೇ ಹೊರತು ಅವಳಿಗೆ ಒಳಗೊಳಗೇ ಸಂತೋಷವಾಗಿತ್ತು. ಈ ಯಂತ್ರ ಹುಟ್ಟಿದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಅವಳ ಹಾಡಿನ ತಂಡದ ಹೆಂಗಸರು ದಿನಾ ಸಂಜೆ ಅವಳ ಮನೆಯ ಹಜಾರದಲ್ಲಿ ಸೇರುತ್ತಿದ್ದರು. ಚಳಿಗಾಲದ ಗಾಳಿಗೆ ಒಬ್ಬೊಬ್ಬರ ಗಂಟಲೂ ಒಂದೊಂದು ಥರ ಒಡೆದಿತ್ತು. ಅವರಿಗೆಲ್ಲ ಅವಳು ಶುಂಠಿ ರಸ ಮಾಡಿಕೊಡಬೇಕು. ಸಂದುಗೊಂದಿನ ಮಣ್ಣು ತೊಳೆದು, ಚಮಚದ ಅಂಚಿನಿಂದ ಸಿಪ್ಪೆ ಕೆರೆದು, ತುರಿದು, ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಬಿಳೀ ಗಸಿ ಲೋಟದ ತಳಕ್ಕೆ ಇಳಿಯುವ ತನಕ ಕಾದು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ, ಅದಕ್ಕೆ ನಿಂಬೆಹಣ್ಣು, ಜೇನುತುಪ್ಪ ಬೆರೆಸಬೇಕು. ಇಷ್ಟಾಗುವ ಹೊತ್ತಿಗೆ ಬೆರಳುಗಳು ಕೆಂಡ ಮುಟ್ಟಿದ ಹಾಗೆ ಉರಿಯುತ್ತಿದ್ದವು. ಮೊನ್ನೆ ಅವಳು ಕೈಯನ್ನು ಮಜ್ಜಿಗೆ ಪಾತ್ರೆಯಲ್ಲಿ ಅದ್ದಿಕೊಂಡು ಕೂತಿದ್ದನ್ನು ಗುರುಲಿಂಗಪ್ಪ ನೋಡಿದ್ದರು. ಆ ಬೆರಳುಗಳಿಗೆ ಉಫ್ ಉಫ್ ಎಂದು ಊದಿ, ಎದ್ದು ಹಿತ್ತಲ ಶೆಡ್ಡಿಗೆ ಹೋದವರು ಇವತ್ತೇ ಹೊರಗೆ ಬಂದದ್ದು.

ಸಿಪ್ಪೆ ತೆಗೆಯದ ದೊಡ್ಡ ಶುಂಠಿಯೊಂದನ್ನು ಅವರು ಕಹಳೆಯ ಮುಂದೆ ತಟ್ಟೆಯಲ್ಲಿಟ್ಟು ಗುಂಡಿ ಒತ್ತಿದರು. ಲಾಳಿಕೆ ಆಚೀಚೆ ತಿರುಗಿ ಸೊಂಯ್ ಸೊಂಯ್ ಎಂದು ಮೂಸಿತು. ಶುಂಠಿಯ ಕಡೆಗೆ ತಿರುಗಿ ನಿಂತಿತು. ಆಮೇಲೆ ಕಹಳೆಯಿಂದ ತಂಬೂರಿ ಮೀಟಿದಂಥ ಒಂದು ಇಂಪಾದ ನಾದ ಬಂತು: ಞೊಂಯ್‌ಯ್‌ಯ್!

ಶುಂಠಿ ನಡುಗಿತು. ಕಚಗುಳಿ ಇಟ್ಟ ಹಾಗೆ ಹೊರಳಿತು. ನೋಡನೋಡುತ್ತಿದ್ದಂತೆ ಅದರ ಮೈಯೆಲ್ಲ ಬೆವೆತು, ಬೆವರು ಹನಿಯಾಗಿ, ಹನಿ ಧಾರೆಯಾಗಿ ತಟ್ಟೆ ತುಂಬಿತು! ಚಿನ್ನದ ಬಣ್ಣದ ತಿಳಿ ರಸ. ಗಸಿಯಿಲ್ಲ, ನಾರಿಲ್ಲ! ತಟ್ಟೆಯ ನಡುವೆ ಉಳಿದದ್ದು ಸುಕ್ಕುಗಟ್ಟಿದ ಒಂದು ಒಣ ತುಂಡು.

ಚೆಲುವಾಂಬೆ ಒಂದು ಚಮಚ ರಸ ಬಾಯಿಗೆ ಹಾಕಿಕೊಂಡಳು. ಕಣ್ಣು ಅರಳಿತು. ಕಿವಿ ಕೆಂಪಾಯಿತು. ಎಲ್ಲೋ ಒಳಗೆ ‘ಟಪ್’ ಎಂದು ಬೆಣೆ ಕಿತ್ತ ಸದ್ದಾಯಿತು.

“ಅಮ್ಮಮ್ಮಾ! ಮಂಗಳಕ್ಕ! ಮೂಗು! ಮೂಗು ಬಿಟ್ಟೋಯ್ತು!” ಎಂದು ಕೂಗಿ, ಕಳೆದುಹೋಗಿದ್ದ ‘ಮ’ಕಾರ ಸಿಕ್ಕಿದ ಖುಷಿಗೆ “ಮಜ್ಜಿಗೆ, ಮಾವು, ಮಲ್ಲಿಗೆ, ಮಂಡಕ್ಕಿ” ಎಂದು ಹೇಳಿಕೊಳ್ಳುತ್ತಾ ಮನೆಗೆ ಹೋದಳು.

ಸರ್ವಮಂಗಳಾ ಗಂಡನ ಮುಖ ನೋಡಿದಳು. ಮದುವೆಯಾದ ಮೇಲೆ ಮೊದಲ ಸಲ ಒಂದು ಯಂತ್ರ ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿತ್ತು. ಅವಳು ತುರಿಯುವ ಮಣೆಯನ್ನು ಅಟ್ಟಕ್ಕೆ ಹಾಕಿದಳು.

ಆ ಸಂತೋಷ ಮಧ್ಯಾಹ್ನದ ಕಾಫಿಯ ಹೊತ್ತಿನವರೆಗೆ ಇತ್ತು.

ಅಂದು ಸರ್ವಮಂಗಳಾ ಕಾಫಿಯ ಬದಲು ಶುಂಠಿ ಟೀ ಮಾಡಿದ್ದಳು. ಗುರುಲಿಂಗಪ್ಪ ಎರಡು ಲೋಟ ಕುಡಿದರು. ಬೆಳಗಿನಿಂದ ಪ್ರಯೋಗದ ನೆಪದಲ್ಲಿ ಅಷ್ಟಷ್ಟೇ ರಸವನ್ನೂ ಇಳಿಸಿದ್ದರು. ಮೂರನೇ ಲೋಟ ಟೀ ಮುಂದಿಟ್ಟುಕೊಂಡು, ಇನ್ನೊಂದು ಶುಂಠಿ ಹಿಂಡೋಣವೆಂದು ರಸರಾಜನ ಗುಂಡಿ ಒತ್ತಿದರು.

ಮೂಗು ತಟ್ಟೆಯಲ್ಲಿದ್ದ ಶುಂಠಿಯನ್ನು ನೋಡಲಿಲ್ಲ. ನೇರ ಟೀ ಲೋಟದ ಕಡೆ ತಿರುಗಿತು. ಞೊಂಯ್! ಲೋಟದ ಟೀ ಕುದಿದಂತೆ ಎದ್ದು, ಒಂದು ಸಣ್ಣ ಹಳದಿ ಹನಿ ಮೇಲಕ್ಕೆ ಚಿಮ್ಮಿ ತಟ್ಟೆಗೆ ಹಾರಿತು.

ಗುರುಲಿಂಗಪ್ಪ ಟೀ ರುಚಿ ನೋಡಿದರು. “ಮಂಗಳಾ! ಇದ್ರಲ್ಲಿ ಶುಂಠೀನೇ ಇಲ್ಲ! ಬರೀ ಟೀ!”

“ಹಾಕಿದ್ದೆ ಕಣ್ರೀ. ನಿಮ್ಮ ರಾಜ ಕಿತ್ಕೊಂಡ.”

“ಅದ್ಭುತ! ಟೀಯೊಳಗಿರೋ ಶುಂಠೀನೂ ಬಿಡಲ್ಲ ಅಂದ್ರೆ...” ಎನ್ನುವಷ್ಟರಲ್ಲಿ ಮೂಗು ಸೊಂಯ್ ಎಂದು ಇನ್ನೊಂದು ಸುತ್ತು ತಿರುಗಿ ಅವರ ಕಡೆಗೇ ನಿಂತಿತು.

“ರೀ, ಅದು ನಿಮ್ಮನ್ನೇ ನೋಡ್ತಿದೆ” ಎಂದಳು ಸರ್ವಮಂಗಳಾ.

ಞೊಂಯ್‌ಯ್‌ಯ್!

ಗುರುಲಿಂಗಪ್ಪನವರ ಬೋಳುತಲೆಯ ಮೇಲೆ ಮುತ್ತಿನಂತೆ ಹನಿಗಳು ಮೂಡಿದವು. ಕೂಡಿಕೊಂಡವು. ಹಣೆಯ ಮೇಲಿಂದ ಇಳಿದವು. ಕಣ್ಣಿಂದ ಎರಡು ಧಾರೆ, ಮೂಗಿಂದ ಎರಡು ಧಾರೆ! ಇಡೀ ಅಡುಗೆಮನೆ ಶುಂಠಿಯ ಘಮದಿಂದ ತುಂಬಿಹೋಯಿತು.

“ಉರಿ! ಉರಿ! ಕಣ್ಣು! ಮಂಗಳಾ, ನಿಲ್ಸು ಇದನ್ನ!”

“ಯಾವ ಗುಂಡಿ?”

“ಕೆಂಪು! ಅಲ್ಲ, ಅದು ಜೋರು ಮಾಡೋದು! ಹಸಿರು! ಅಯ್ಯೋ, ಹಸಿರೂ ಅಲ್ಲ!”

ಸರ್ವಮಂಗಳಾ ಗುಂಡಿಗಳ ಗೊಡವೆ ಬಿಟ್ಟು ಪ್ಲಗ್ಗನ್ನೇ ಕಿತ್ತಳು. ಗಂಡನ ತಲೆಯನ್ನು ನಲ್ಲಿಯ ಕೆಳಗೆ ಹಿಡಿದು, ಒಳ್ಳೇ ಟವೆಲಿನಿಂದ ಒರೆಸಿ, ಎದುರಿಗೆ ಕೂರಿಸಿಕೊಂಡಳು.

“ಕುಡಿದ ಶುಂಠೀನೂ ಹೊರಗೆ ಎಳೆಯುತ್ತಲ್ರೀ ಇದು! ರಾಜ್ಯೋತ್ಸವದ ದಿನ ಈ ಯಂತ್ರ ಮೈದಾನದ ಕಡೆ ಸುಳಿಯಬಾರದು. ಆಣೆ ಹಾಕಿ.”

“ಅದನ್ನ ವೇದಿಕೆ ಮೇಲೆ ತರಲ್ಲ ಮಂಗಳಾ. ನಿನ್ನಾಣೆ” ಎಂದರು ಗುರುಲಿಂಗಪ್ಪ, ಕೆಂಪು ಕಣ್ಣು ಮಿಟುಕಿಸುತ್ತಾ.

ಅವಳು ಆಣೆ ಹಾಕಿಸಿದ್ದಕ್ಕೆ ಕಾರಣವಿತ್ತು. ಬಡಾವಣೆಯ ರಾಜ್ಯೋತ್ಸವದಲ್ಲಿ ಸರ್ವಮಂಗಳಾಳ ತಂಡ ಪ್ರತಿವರ್ಷ ಹಾಡುತ್ತಿತ್ತು, ನಿಜ. ಆದರೆ ಹಾಡುತ್ತಿದ್ದುದು ಒಂದೇ ಪ್ರಾರ್ಥನೆ. ಜನ ಕುರ್ಚಿ ಹುಡುಕುತ್ತಿರುವಾಗ ಶುರುವಾಗಿ, ಅವರು ಕೂರುವ ಹೊತ್ತಿಗೆ ಮುಗಿದುಹೋಗುತ್ತಿತ್ತು. ಆಮೇಲೆ ಸಂಘದ ಅಧ್ಯಕ್ಷ ಬೆಟ್ಟಸ್ವಾಮಿಗೌಡರ ಭಾಷಣ. ಗೌಡರು ಒಳ್ಳೆಯವರು, ಆದರೆ ಮೈಕು ಸಿಕ್ಕಿದರೆ ಕದಂಬರ ಕಾಲಕ್ಕೆ ಹೋಗಿಬಿಡುತ್ತಿದ್ದರು. ಅಲ್ಲಿಂದ ಅವರು ಕಾಲ್ನಡಿಗೆಯಲ್ಲಿ ಇಂದಿನವರೆಗೆ ವಾಪಸು ಬರುವಷ್ಟರಲ್ಲಿ ಶಾಮಿಯಾನದವರು ಹಿಂದಿನ ಸಾಲಿನ ಕುರ್ಚಿಗಳನ್ನು ಗಾಡಿಗೆ ತುಂಬಿರುತ್ತಿದ್ದರು. ಈ ಸಲ ಮೈಸೂರಿನ ವಾದ್ಯಗೋಷ್ಠಿಯವರು ಕೈಕೊಟ್ಟಿದ್ದರಿಂದ ಗೌಡರೇ ಅವಳ ಗೇಟಿನ ಬಳಿ ಬಂದು ನಿಂತಿದ್ದರು.

“ನೋಡಿ ಸರ್ವಮಂಗಳಮ್ನೋರೇ, ಈ ಸಲ ಪೂರ್ತಿ ಸಂಜೆ ನಿಮ್ಮದೇ. ಚೆನ್ನಾಗಾದ್ರೆ ಮುಂದೂ ನಿಮ್ಮದೇ. ಆಗ್ಲಿಲ್ಲ ಅನ್ನಿ, ಪ್ರಾರ್ಥನೆ ಇದ್ದೇ ಇದೆಯಲ್ಲ!”

ಆ ‘ಇದ್ದೇ ಇದೆಯಲ್ಲ’ ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಹಾಡುಗಳೆಲ್ಲ ಅವಳೇ ಕಟ್ಟಿದವು. ಕಾವೇರಿಯ ಮೇಲೆ ಒಂದು, ರಾಗಿ ಮುದ್ದೆಯ ಮೇಲೆ ಒಂದು, ಬೆಳಗಿನ ಬಸ್ಸಿಗೆ ಓಡುವ ಹೆಂಗಸರ ಮೇಲೆ ಒಂದು. ಅಕ್ಕಪಕ್ಕದ ಮನೆಯವರ ಹೊರತು ಯಾರೂ ಅವನ್ನು ಕೇಳಿರಲಿಲ್ಲ.

ರಾಜ್ಯೋತ್ಸವದ ದಿನ ಬೆಳಿಗ್ಗೆ ಎದ್ದರೆ ಚಳಿ! ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತರು. ಒಬ್ಬಳಿಗೆ ಮೇಲಿನ ಸ್ವರ ಇಲ್ಲ, ಒಬ್ಬಳಿಗೆ ಕೆಳಗಿನದು ಇಲ್ಲ, ಚೆಲುವಾಂಬೆಯ ನೆಗಡಿ ಚಿಕ್ಕಪ್ಪನ ಮನೆಗೆ ಹೋಗಿ ಬಂದ ನೆಂಟನ ಹಾಗೆ ಮತ್ತೆ ವಾಪಸಾಗಿತ್ತು.

“ಬಂಗಳಕ್ಕ, ಏನು ಬಾಡೋದು?”

ಸರ್ವಮಂಗಳಾ ಅಟ್ಟ ನೋಡಿದಳು, ತನ್ನ ಬೆರಳು ನೋಡಿಕೊಂಡಳು, ಮೂಲೆಯಲ್ಲಿ ಟವೆಲು ಹೊದ್ದು ಕೂತ ರಸರಾಜನನ್ನು ನೋಡಿದಳು. ಯಂತ್ರ ಇರುವುದು ಇಲ್ಲಿ, ಹಾಡುವುದು ಅಲ್ಲಿ, ನಡುವೆ ಮೂರು ಬೀದಿ. ಏನಾದೀತು? ಗಂಡ ಅಂಗಡಿಗೆ ಹೋದ ಮೇಲೆ ಅವಳೇ ಗುಂಡಿ ಒತ್ತಿದಳು. ರಸರಾಜ ಸಾಧುಪ್ರಾಣಿಯ ಹಾಗೆ ಹಾಡಿದ. ಕೊಡದ ತುಂಬ ರಸ! ನಿಂಬೆಹಣ್ಣು, ಜೇನುತುಪ್ಪ ಬೆರೆಸಿ ಮೈದಾನಕ್ಕೆ ಒಯ್ದಳು. ತಂಡದವರು ಕುಡಿದರು. ಗಂಟಲುಗಳು ಕೊಳಲಾದವು! ಅಲ್ಲೇ ಕುರ್ಚಿ ಜೋಡಿಸುತ್ತಿದ್ದ ಬೆಟ್ಟಸ್ವಾಮಿಗೌಡರೂ ಒಂದು ಲೋಟ ಕುಡಿದು, ಮೀಸೆ ಒರೆಸಿಕೊಂಡು, “ಭಾಷಣಕ್ಕೆ ಬಲ ಬರುತ್ತೆ” ಎಂದು ಮತ್ತೆರಡು ಲೋಟ ಇಳಿಸಿದರು.

ಸಂಜೆ ಮೈದಾನ ತುಂಬಿತು. ಪಕ್ಕದ ಹೆದ್ದಾರಿಯ ಅಂಚಿನಲ್ಲಿ, ಟೀ ಅಂಗಡಿಯ ಎದುರು, ಹಸಿಶುಂಠಿಯ ಮೂಟೆ ತುಂಬಿದ ಲಾರಿಯೊಂದು ನಿಂತಿತ್ತು. ಅದರ ಡ್ರೈವರ್ ವರ್ಗೀಸ್ ವಯನಾಡಿನವನು, ಬಡಾವಣೆಯವರಿಗೆಲ್ಲ ಪರಿಚಯದವನು. ಶುಂಠಿ ಹೇರಿಕೊಂಡು ಹೋಗುವಾಗ ಆ ಅಂಗಡಿಯ ಟೀ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ. ಹಾಡಿನ ಕಾರ್ಯಕ್ರಮ ಇದೆಯೆಂದು ತಿಳಿದು, ಲೋಟ ಹಿಡಿದು ಬೇಲಿಗೆ ಒರಗಿ ನಿಂತ.

ಸರ್ವಮಂಗಳಾ ಸೆರಗು ಸರಿಮಾಡಿಕೊಂಡಳು. ಮುಡಿಯ ತುಂಬ ಹಳದಿ ಸೇವಂತಿಗೆ ಮುಡಿದಿದ್ದಳು. ಎದುರಿನ ಅಷ್ಟು ಮುಖಗಳ ನಡುವೆ ಗಂಡನನ್ನು ಹುಡುಕಿದಳು. ಗಂಡ ಮೊದಲ ಸಾಲಿನಲ್ಲಿ ಕಾಣಲಿಲ್ಲ. ‘ಇವರೆಲ್ಲಿ ಹೋದರು, ಇವತ್ತೂ ಅಂಗಡಿಯೇ?’ ಎಂದುಕೊಂಡು ಕಣ್ಣು ಮುಚ್ಚಿ ಶ್ರುತಿ ಹಿಡಿದಳು.

ಕಾವೇರಿಯ ಹಾಡು ಶುರುವಾಯಿತು. ಮೊದಲ ಸಾಲು, ಎರಡನೇ ಸಾಲು. ಜನ ಮಾತು ನಿಲ್ಲಿಸಿದರು! ಮೂರನೇ ಸಾಲಿನಲ್ಲಿ ಅವಳಿಗೆ ಏನೋ ವಿಚಿತ್ರ ಅನ್ನಿಸಿತು. ಶ್ರುತಿಪೆಟ್ಟಿಗೆಯ ಜೊತೆ ಇನ್ನೊಂದು ನಾದ ಸೇರಿಕೊಂಡಿತ್ತು. ಇಂಪಾದ, ತಂಬೂರಿಯಂಥ, ಕೇಳಿ ಪರಿಚಯವಿದ್ದ ನಾದ. ಅದು ಪಕ್ಕದಿಂದ ಬರುತ್ತಿರಲಿಲ್ಲ. ಮೈದಾನದ ಸುತ್ತ ಕಂಬಕಂಬಕ್ಕೆ ಕಟ್ಟಿದ್ದ ಮೈಕುಗಳಿಂದಲೇ ಬರುತ್ತಿತ್ತು.

ಞೊಂಯ್‌ಯ್‌ಯ್‌ಯ್!

ಅವಳ ಕಣ್ಣಂಚು ಬಿಸಿಯಾಯಿತು. ಒಂದು ಹನಿ. ಇನ್ನೊಂದು. ಪಕ್ಕಕ್ಕೆ ನೋಡಿದರೆ ಚೆಲುವಾಂಬೆಯ ಕೆನ್ನೆಯ ಮೇಲೆ ಕಾಲುವೆ! ಸಾಲಿನ ಕೊನೆಯವರೆಗೂ ಎಲ್ಲರ ಕಣ್ಣಲ್ಲೂ ಧಾರೆ! ವೇದಿಕೆಯ ಮೇಲೆ ಶುಂಠಿ ಘಮಘಮ!

ಸರ್ವಮಂಗಳಾಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಈಗ ಹಾಡು ನಿಲ್ಲಿಸಿ ಓಡಿದರೆ? ಮುಂದಿನ ಸಲ ಮತ್ತೆ ಪ್ರಾರ್ಥನೆ. ಕುರ್ಚಿಗಳ ಕಿರ್ ಕಿರ್ ಸದ್ದಿನ ನಡುವೆ. ಅವಳು ಹಲ್ಲು ಕಚ್ಚಲಿಲ್ಲ, ಕಚ್ಚಿದರೆ ಹಾಡಲಾಗುತ್ತಿರಲಿಲ್ಲ. ಗಂಟಲು ಬಿಚ್ಚಿ ಇನ್ನೂ ಮೇಲಕ್ಕೆ ಹೋದಳು. ಉರಿಗೆ ಕಣ್ಣು ಮುಚ್ಚಿಕೊಂಡು ತಂಡವೂ ಅವಳ ಹಿಂದೆ ಏರಿತು. ಕಣ್ಣುರಿ ಹೆಚ್ಚಾದಷ್ಟೂ ದನಿ ಹರಿತವಾಯಿತು!

ಮೊದಲ ಸಾಲಿನ ಒಬ್ಬ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, “ಪಾಪ, ಎಷ್ಟು ಮನಸಿಟ್ಟು ಹಾಡ್ತವೆ ನೋಡೇ, ಕಣ್ಣೀರು ನಿಲ್ತಾನೇ ಇಲ್ಲ” ಎಂದಿತು. ಅಕ್ಕಪಕ್ಕದವರೂ ಕಣ್ಣು ಒರೆಸಿಕೊಂಡರು. ಅವರ ಕಣ್ಣೀರಿನಲ್ಲಿ ಮಾತ್ರ ಶುಂಠಿ ಇರಲಿಲ್ಲ. ಅದು ಅವರದೇ ಆಗಿತ್ತು.

ರಾಗಿ ಮುದ್ದೆಯ ಹಾಡು ನಗುವ ಹಾಡು. ಅದನ್ನೂ ಅವರು ಅಳುತ್ತಳುತ್ತ ಹಾಡಿದರು. ಜನ ನಗುತ್ತಾ ಅತ್ತರು, ಅಳುತ್ತಾ ನಕ್ಕರು. ಕೊನೆಯ ಹಾಡು ಮುಗಿದಾಗ ಬಿದ್ದ ಚಪ್ಪಾಳೆಗೆ ಟೀ ಅಂಗಡಿಯ ತಗಡಿನ ಮಾಡು ನಡುಗಿತು!

ಬೆಟ್ಟಸ್ವಾಮಿಗೌಡರು ಎದ್ದು ಮೈಕಿನ ಮುಂದೆ ಬಂದರು. ಮೂರು ಲೋಟ ಕುಡಿದ ಮನುಷ್ಯ. ಅವರ ಮೀಸೆಯ ಎರಡೂ ತುದಿಯಿಂದ ಸೂರಿನ ನೀರಿನ ಹಾಗೆ ರಸ ತೊಟ್ಟಿಕ್ಕುತ್ತಿತ್ತು.

“ಮಹನೀಯರೇ... ಕದಂಬರ ಕಾಲದಲ್ಲಿ...” ಎಂದರು. ಮುಂದಕ್ಕೆ ಮಾತು ಹೊರಡಲಿಲ್ಲ. ಮೂಗು ಸೊರ್ ಎಂದಿತು. “ನನ್ನ ಕೈಲಾಗಲ್ಲ!” ಎಂದು ಮುಖ ಮುಚ್ಚಿಕೊಂಡು ಕೂತುಬಿಟ್ಟರು.

ಅಧ್ಯಕ್ಷರಿಗೆ ಕದಂಬರ ಮೇಲೆ ಇಷ್ಟು ಪ್ರೀತಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು!

ಆ ಚಪ್ಪಾಳೆಯ ನಡುವೆ ಬೇಲಿಯ ಕಡೆಯಿಂದ ಒಂದು ಕೂಗು ಕೇಳಿತು.

“ಅಯ್ಯೋ ದೇವ್ರೇ! ನನ್ನ ಇಂಜಿ! ನನ್ನ ಶುಂಠಿ!”

ವರ್ಗೀಸ್ ಲಾರಿಯ ಕಡೆ ಓಡುತ್ತಿದ್ದ. ಲಾರಿ ಗಡಗಡ ನಡುಗುತ್ತಿತ್ತು. ಮೂಟೆ ಮೂಟೆಯಿಂದ ಹಳದಿ ರಸ ಬಸಿದು, ಹಲಗೆಯ ಸಂದಿಗಳಿಂದ ಜಲಪಾತವಾಗಿ ಬೀಳುತ್ತಿತ್ತು. ಇಳಿಜಾರಿನ ರಸ್ತೆ. ರಸ ಮೊದಲು ಚಕ್ರಗಳನ್ನು ಸುತ್ತಿತು, ಆಮೇಲೆ ಟೀ ಅಂಗಡಿಯ ಬೆಂಚಿನ ಕಾಲನ್ನು ತೊಳೆಯಿತು, ಆಮೇಲೆ ದಾರಿ ತಿಳಿದ ನದಿಯಂತೆ ಬಡಾವಣೆಯ ಕಡೆಗೆ ಹರಿಯಿತು!

“ಶುಂಠಿ ರಸ! ಶುಂಠಿ ರಸದ ಹೊಳೆ!” ಎಂದು ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಜನ ಕುರ್ಚಿ ಬಿಟ್ಟು ಮನೆಗೆ ಓಡಿ ಬಕೆಟ್ಟು, ಬಿಂದಿಗೆ, ಕೊಳಗ, ಪ್ರೆಶರ್ ಕುಕ್ಕರು ಹಿಡಿದು ಬಂದು ಲಾರಿಯ ಸುತ್ತ ಧಾರೆಗೊಡ್ಡಿ ನಿಂತರು. ಎಲ್ಲರಿಗಿಂತ ಮುಂದೆ ಚೆಲುವಾಂಬೆ ಇದ್ದಳು. ಅವಳು ವೇದಿಕೆಯಿಂದ ಇಳಿದದ್ದನ್ನಾಗಲಿ, ಬಿಂದಿಗೆ ತಂದದ್ದನ್ನಾಗಲಿ ಯಾರೂ ನೋಡಿರಲಿಲ್ಲ!

ಸರ್ವಮಂಗಳಾ ವೇದಿಕೆಯ ಪಕ್ಕಕ್ಕೆ ಬಂದು ಬಟ್ಟೆಯ ಪರದೆ ಎತ್ತಿ ಕೆಳಗೆ ಬಗ್ಗಿದಳು. ಹಲಗೆಗಳ ಅಡಿಯಲ್ಲಿ ಗುರುಲಿಂಗಪ್ಪ ಮಂಡಿಯೂರಿ ಕೂತು, ರಸರಾಜನ ಗುಂಡಿಗಳನ್ನು ಹಾರ್ಮೋನಿಯಂ ಬಾರಿಸುವವರ ಹಾಗೆ ಒತ್ತುತ್ತಿದ್ದರು.

“ವೇದಿಕೆ ಮೇಲೆ ತರಲ್ಲ ಅಂತ ಆಣೆ ಹಾಕಿದ್ರಿ!”

“ಮೇಲೆ ಎಲ್ಲಿ ತಂದೆ? ಕೆಳಗಿಟ್ಟಿದ್ದೆ!”

“ಯಾಕ್ರೀ?”

“ಹಾಡು ಮುಗಿದ ತಕ್ಷಣ ನಿಮಗೆಲ್ಲ ತಾಜಾ ರಸ ಕೊಡೋಣ ಅಂತ ಮಂಗಳಾ! ನೀವು ಬೆಳಿಗ್ಗೆಯೇ ಕುಡಿದಿದ್ದೀರಿ ಅಂತ ನನಗೇನು ಗೊತ್ತು? ಈ ಸಂದೀಲಿ ವೈರು ಎಲ್ಲಾ ಒಂದೇ ಥರ ಕಂಡ್ವು. ನಮ್ಮ ವೈರು ಮೈಕ್‌ಸೆಟ್ಟಿಗೆ ಸೇರಿಬಿಟ್ಟಿದೆ!”

“ಕಿತ್ತು ಹಾಕಿ ಮತ್ತೆ!”

“ಕಿತ್ತೆ. ನಿಲ್ತಾ ಇಲ್ಲ! ಹೊರಗೆ ಇಷ್ಟು ಶುಂಠಿ ವಾಸನೆ ಸಿಕ್ಕಮೇಲೆ ಮೈಕ್‌ಸೆಟ್ಟಿನ ಬ್ಯಾಟರೀನೇ ತಬ್ಬಿಕೊಂಡಿದೆ. ಮೂಗು ಬಿಡ್ತಾ ಇಲ್ಲ ಮಂಗಳಾ, ಮೂಗು!”

ಲಾಳಿಕೆಯ ಮೂಗು ಹೆದ್ದಾರಿಯ ಕಡೆಗೆ ಚಾಚಿ ಸೊಂಯ್ ಸೊಂಯ್ ಎಂದು ಸಂಭ್ರಮದಿಂದ ಮೂಸುತ್ತಿತ್ತು. ಸರ್ವಮಂಗಳಾ ಸುತ್ತ ನೋಡಿದಳು. ತುರುಕಲು ಚಿಂದಿಯಿಲ್ಲ, ಬಿರಡೆಯಿಲ್ಲ. ಕೈ ತಾನಾಗಿ ಮುಡಿಗೆ ಹೋಯಿತು. ಸೇವಂತಿಗೆಯ ದಂಡೆಯನ್ನು ಸೆಳೆದು, ಹೂವು, ದಾರ, ಹೇರ್‌ಪಿನ್ನು ಸಮೇತ ಲಾಳಿಕೆಯೊಳಗೆ ತುರುಕಿ ಹೆಬ್ಬೆರಳಿನಿಂದ ಅದುಮಿದಳು.

ನಾದ ತಡವರಿಸಿತು. ರಸರಾಜ ಒಂದು ಸಲ ಹಿಂದಕ್ಕೆ ವಾಲಿದ.

“ಆ...” ಎಂದಿತು ಕಹಳೆ.

“ಆ... ಆ...” ಎಂದವು ಮೈದಾನದ ಮೈಕುಗಳೆಲ್ಲ.

“ಮಂಗಳಾ, ಬಗ್ಗು!” ಎಂದರು ಗುರುಲಿಂಗಪ್ಪ.

“ಆಆಆಕ್ಷೀ!”

ಇಡ್ಲಿ ಪಾತ್ರೆಯ ಮುಚ್ಚಳ ಹಲಗೆ ಸೀಳಿಕೊಂಡು ಶಾಮಿಯಾನದಾಚೆ ಹಾರಿತು. ಹಳದಿ ಎಸಳುಗಳು ಮದುವೆಯ ಅಕ್ಷತೆಯ ಹಾಗೆ ಮೈದಾನದ ತುಂಬ ಉದುರಿದವು. ಇಡೀ ಊರಿಗೆ ಕೇಳುವಂತೆ ಸೀನಿ, ರಸರಾಜ ಸುಮ್ಮನಾದ.

ಗಂಡ ಹೆಂಡತಿ ತಲೆಯ ಮೇಲಿನ ಎಸಳು ಕೊಡವಿಕೊಳ್ಳುತ್ತಾ ಲಾರಿಯ ಹತ್ತಿರ ಬರುವ ಹೊತ್ತಿಗೆ ವರ್ಗೀಸ್ ಮೂಟೆಗಳ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದ.

“ಮೂಟೆ ಮೂಟೆ ಇಂಜಿ ಚೇಟಾ, ಅಣ್ಣಾ! ಎಲ್ಲಾ ನೀರಾಗಿ ಹೋಯ್ತು! ನಾನು ಏನಂತ ಹೇಳ್ಲಿ ನಮ್ಮ ಮುದಲಾಳಿಗೆ, ಯಜಮಾನ್ರಿಗೆ? ಲಾರಿ ಅತ್ತುಬಿಡ್ತು ಅಂತ ಹೇಳ್ಲಾ?”

ಗುರುಲಿಂಗಪ್ಪನವರ ಮುಖ ಬಾಡಿಹೋಯಿತು. ಇಷ್ಟು ವರ್ಷದಲ್ಲಿ ಸರ್ವಮಂಗಳಾ ಗಂಡನನ್ನು ಮಾತಿಲ್ಲದೆ ನೋಡಿರಲಿಲ್ಲ. ಸೊಳ್ಳೆ ಯಂತ್ರದ ದಿನವೂ ಅವರು ಮಾತಾಡಿದ್ದರು. ಬೆಳಿಗ್ಗೆ ಗುಂಡಿ ಒತ್ತಿದ್ದು ತಾನಲ್ಲವೇ? ಅವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗಿ, ಒಂದು ಮೂಟೆಯ ಬಾಯಿ ಬಿಚ್ಚಿ ಕೈ ಹಾಕಿದಳು. ಹೊರಗೆ ತೆಗೆದ ತುಂಡನ್ನು ಮೂಸಿದಳು. ಮುರಿದಳು. ‘ಟಕ್’ ಎಂದಿತು. ತುದಿಯನ್ನು ಕಚ್ಚಿ ನೋಡಿದಳು.

“ವರ್ಗೀಸಣ್ಣ, ಇಳೀರಿ ಕೆಳಗೆ. ನಮ್ಮನೆಯವ್ರ ಯಂತ್ರ ರಸ ಎಲ್ಲಾ ಎಳೆದುಬಿಟ್ಟಿದೆ. ಈಗ ಇದು ಒಣಶುಂಠಿ!”

“ಏನು?”

“ಒಣಶುಂಠಿ ಕಣ್ರೀ! ಬಾಣಂತಿ ಮನೇಲಿ ಲೇಹ್ಯಕ್ಕೆ ಹಾಕ್ತೀವಲ್ಲ, ಅದೇ. ವಾರಗಟ್ಟಲೆ ಬಿಸಿಲಲ್ಲಿ ಹರಡಿದ್ರೂ ಒಳಗೊಂದಿಷ್ಟು ಹಸಿ ಉಳಿಯುತ್ತೆ. ಇದರಲ್ಲಿ ಅದೂ ಇಲ್ಲ. ಖಾರ ನೋಡಿ ಬೇಕಾದ್ರೆ!”

ವರ್ಗೀಸ್ ಒಂದು ತುಂಡು ಬಾಯಿಗೆ ಹಾಕಿಕೊಂಡ. ಮೊದಲು ಕಣ್ಣು ಕಿರಿದಾಯಿತು, ಆಮೇಲೆ ಮುಖ ಅಗಲವಾಯಿತು. ಹಸಿಶುಂಠಿ ಕೇಳುವವರಿಲ್ಲದೆ ಕೊಳೆಯುತ್ತಿದ್ದ ದಿನಗಳವು. ಒಣಶುಂಠಿ ಎಲ್ಲಿದೆ ಎಂದು ವ್ಯಾಪಾರಿಗಳು ಊರೂರು ಅಲೆಯುತ್ತಿದ್ದರು. ಅವನು ಮೂಟೆಯ ಮೇಲಿಂದ ಹಾರಿ ಬಂದು ಗುರುಲಿಂಗಪ್ಪನವರನ್ನು ತಬ್ಬಿಕೊಂಡ.

“ಚೇಟಾ! ನಾಳೆ ಇನ್ನೂ ಎರಡು ಲಾರಿ ಬರುತ್ತೆ! ಇನ್ನೊಂದು ಸಲ ಸೀನಿಸ್ತೀರಾ?”

“ಸೀನೋದಕ್ಕಿಂತ ಮುಂಚೆ ಹಾಡಬೇಕಪ್ಪಾ. ಅದಕ್ಕೆ ಸ್ವಲ್ಪ ಸುಧಾರಣೆ ಮಾಡ್ಬೇಕು...” ಎಂದು ಗುರುಲಿಂಗಪ್ಪ ಶುರುಮಾಡಿದರು. ಮಾತು ವಾಪಸು ಬಂದದ್ದು ಕಂಡು ಸರ್ವಮಂಗಳಾಗೆ ಎಷ್ಟು ನೆಮ್ಮದಿಯಾಯಿತೆಂದರೆ, ಅವರ ತೋಳನ್ನು ಜೋರಾಗಿ ಜಿಗುಟಿದಳು.

ಬೆಟ್ಟಸ್ವಾಮಿಗೌಡರು ಮೀಸೆ ಹಿಂಡಿಕೊಳ್ಳುತ್ತಾ ಬಂದರು.

“ಸರ್ವಮಂಗಳಮ್ನೋರೇ, ನನ್ನ ಭಾಷಣಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಇದೇ ಮೊದಲು. ಎದ್ದು ಹೋದದ್ದು ಬೇಕಾದಷ್ಟಿದೆ. ಮುಂದಿನ ವರ್ಷವೂ ಸಂಜೆ ಪೂರ್ತಿ ನಿಮ್ಮದೇ!”

“ಮತ್ತೆ ಪ್ರಾರ್ಥನೆ, ಗೌಡ್ರೇ?”

“ಅದನ್ನ ನಾನೇ ಹೇಳ್ತೀನಿ ಬಿಡಿ!”

ಸರ್ವಮಂಗಳಾ ನಕ್ಕಳು. ಕಣ್ಣಲ್ಲಿ ಮತ್ತೆ ನೀರು ಬಂತು. ಬೆರಳಿನಿಂದ ಒರೆಸಿ ನಾಲಿಗೆಗೆ ತಾಗಿಸಿ ನೋಡಿದಳು. ಬರೀ ಉಪ್ಪು. ಇದು ಅವಳದೇ.

ಆ ಚಳಿಗಾಲದಲ್ಲಿ ಬಡಾವಣೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮನೆಮನೆಯಲ್ಲಿ ಬಾಟಲಿ, ಭರಣಿ, ಹೂಜಿಗಳ ತುಂಬ ಶುಂಠಿ ರಸ ಇತ್ತು. ತುಂಬಿ ಮಿಕ್ಕದ್ದು ಮಾತ್ರ ರಸ್ತೆಯಲ್ಲೇ ಹರಿದು, ಇಳಿಜಾರಿನ ಕೊನೆಗೆ, ಚೆಲುವಾಂಬೆಯ ಕೊಟ್ಟಿಗೆಯ ಮುಂದಿನ ಕಲ್ಲಿನ ಬಾನಿಯಲ್ಲಿ ಸೇರಿಕೊಂಡಿತ್ತು. ಅವಳು ಲಾರಿಯ ಹತ್ತಿರ ಬಿಂದಿಗೆ ತುಂಬುವ ಗಡಿಬಿಡಿಯಲ್ಲಿದ್ದಾಗ ಅವಳ ಎರಡು ಹಸುಗಳೂ ಅದನ್ನು ತಳ ಕಾಣುವ ತನಕ ಹೀರಿದ್ದವು.

ರಾಜ್ಯೋತ್ಸವದ ಮಾರನೆಯ ಬೆಳಿಗ್ಗೆ ಚೆಲುವಾಂಬೆ ಕೊಟ್ಟ ಹಾಲಿಗೆ ಸರ್ವಮಂಗಳಾ ಟೀಪುಡಿ, ಸಕ್ಕರೆ ಹಾಕಿ ಕುದಿಸಿದಳು. ಗುರುಲಿಂಗಪ್ಪ ಒಂದು ಗುಟುಕು ಕುಡಿದು, “ಮಂಗಳಾ, ಇವತ್ತು ಶುಂಠಿ ಸ್ವಲ್ಪ ಜಾಸ್ತಿ ಆಯ್ತು” ಎಂದರು.

“ನಾನು ಹಾಕೇ ಇಲ್ವಲ್ರೀ!”

ಇಬ್ಬರೂ ಹಿತ್ತಲ ಬಾಗಿಲಿಗೆ ಓಡಿದರು. ಅಲ್ಲಿ ಚೆಲುವಾಂಬೆ ಆಗಲೇ ಚೊಂಬು ಹಿಡಿದು ನಿಂತಿದ್ದಳು. ಹಿಂದೆ ಟೀ ಅಂಗಡಿಯವನು, ಅವನ ಹಿಂದೆ ಬೀದಿಯ ಅರ್ಧ ಜನ, ಎಲ್ಲರ ಕೈಯಲ್ಲೂ ಶುಂಠಿ ಹಾಲಿಗೆಂದು ತಂದ ಖಾಲಿ ಪಾತ್ರೆ. ಕೊಟ್ಟಿಗೆಯಲ್ಲಿ ಹಸುಗಳೆರಡೂ ಕಿವಿ ಕೆಂಪು ಮಾಡಿಕೊಂಡು, ಬಲು ಉಲ್ಲಾಸದಿಂದ ಬಾಲ ಬೀಸುತ್ತಾ ನಿಂತಿದ್ದವು.

ಸರ್ವಮಂಗಳಾ ಚೆಲುವಾಂಬೆಯ ಮುಖ ನೋಡಿದಳು. ಬೈಗುಳಕ್ಕೆ ಸಿದ್ಧಳಾಗಿ ನಿಂತಳು.

ಚೆಲುವಾಂಬೆ ಚೊಂಬನ್ನು ಸೊಂಟಕ್ಕೆ ಇಟ್ಟುಕೊಂಡು ಕೇಳಿದಳು: “ಮಂಗಳಕ್ಕ, ನಿಮ್ಮನೆಯವ್ರನ್ನ ಸ್ವಲ್ಪ ಕೇಳಿ ಹೇಳ್ತೀರಾ, ಏಲಕ್ಕಿ ಲಾರಿ ಈ ಕಡೆ ಬರೋದು ಯಾವತ್ತು ಅಂತ?”